‘ಮಣ್ಣಾಗ ಕರಗತೈತಿ’ ಅಂದಿದ್ದು ನಿಜಕ್ಕೂ ಕರಗುತ್ತಾ? ನಿಮ್ಮ ತಿಪ್ಪೆಯಲ್ಲೇ ಪರೀಕ್ಷಿಸಿ ನೋಡುವ ಬಗೆ

ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ತಂಗಿಯ ಕುಬಸ (ಸೀಮಂತ) ಇತ್ತು. ಜಮಖಂಡಿ ಹತ್ತಿರದ ಊರು ನಮ್ಮದು. ಮುನ್ನೂರು ಜನಕ್ಕೆ ಊಟ. ಪ್ಲಾಸ್ಟಿಕ್ ಬೇಡವೇ ಬೇಡ ಅಂತ ನಾನು ಹಟ ಹಿಡಿದೆ. ಅಂಗಡಿಯವರು ‘ಮಣ್ಣಲ್ಲಿ ಕರಗುತ್ತೆ’ ಅಂತ ಕೊಟ್ಟ ಚೀಲ, ಗಾಜಿನ ಹಾಗೆ ಕಾಣುವ ಲೋಟ, ಕಬ್ಬಿನ ಸಿಪ್ಪೆಯ ತಟ್ಟೆ ತಂದೆವು. ಊಟ ಮುಗಿದ ಮೇಲೆ ಎಲ್ಲವನ್ನೂ ತಿಪ್ಪೆಗೆ ಹಾಕಿದೆವು.

ಮುಂದಿನ ವರ್ಷ ರೋಹಿಣಿ ಮಳೆಗೆ ಮುಂಚೆ ಕಾಕಾ ಹೊಲಕ್ಕೆ ಗೊಬ್ಬರ ಹೇರಿಸಿದರು. ಹರವಿದ ಗೊಬ್ಬರದಲ್ಲಿ ಎಲ್ಲಿ ನೋಡಿದರೂ ಬಿಳಿ ಚೂರು. ತಟ್ಟೆಗಳ ಸುಳಿವೇ ಇರಲಿಲ್ಲ. ಲೋಟಗಳು ಮಾತ್ರ ಇದ್ದ ಹಾಗೇ ಇದ್ದವು. ಚೀಲಗಳು ಹರಿದು ಚಿಂದಿಯಾಗಿ ಹೆಂಟೆಗಳ ನಡುವೆ ಸಿಕ್ಕಿಕೊಂಡಿದ್ದವು. ಕಾಕಾ ಒಂದು ಚೂರು ಎತ್ತಿಕೊಂಡು ಬೆರಳಲ್ಲಿ ತಿಕ್ಕಿ ನೋಡಿದರು.

“ತಮ್ಮಾ, ಇದು ಕರಗತೈತಿ ಅಂದಿದ್ದೆಲ್ಲಾ? ಇನ್ನಾ ಹಂಗ ಐತಿ ನೋಡು.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದೇ ತಿಪ್ಪೆ, ಒಂದೇ ಮಳೆ, ಒಂದೇ ವರ್ಷ. ಒಂದು ಮಣ್ಣಾಯಿತು, ಒಂದು ಚೂರಾಯಿತು, ಒಂದಕ್ಕೆ ಏನೂ ಆಗಲಿಲ್ಲ. ಯಾಕೆ? ಆಮೇಲೆ ಒಂದಷ್ಟು ಓದಿದೆ. ಆದರೆ ಹೆಚ್ಚು ಕಲಿತಿದ್ದು ನಾನೇ ಹೂತು, ತೆಗೆದು, ತೂಗಿ ನೋಡಿದ ಮೇಲೆ. ಕರಗುವ ಗುಣ ಅರ್ಧ ವಸ್ತುವಿನದು, ಇನ್ನರ್ಧ ಅದು ಬೀಳುವ ಜಾಗದ್ದು. ಜಾಗದ ಹೆಸರು ಹೇಳದೆ ‘ಕರಗುತ್ತೆ’ ಅಂದರೆ ಅದು ಅರ್ಧ ಮಾತು. ಆ ಇನ್ನರ್ಧವನ್ನು ನಿಮ್ಮ ಮನೆಯಲ್ಲೇ, ಕಡಿಮೆ ಖರ್ಚಿನಲ್ಲಿ ಕಂಡುಕೊಳ್ಳುವ ಬಗೆಯನ್ನು ಇಲ್ಲಿ ಬರೆದಿದ್ದೇನೆ.

ಮೊದಲು, ಕೊಳೆಯುವುದು ಅಂದರೇನು

ಪ್ಲಾಸ್ಟಿಕ್ ಅಂದರೆ ಸಾವಿರಾರು ಕೊಂಡಿಗಳ ಉದ್ದನೆಯ ಸರಪಳಿ. ಹತ್ತಿಯ ಎಳೆಯೂ ಸರಪಳಿಯೇ, ಜೋಳದ ಹಿಟ್ಟೂ ಸರಪಳಿಯೇ. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಬಾಯಿ ಇಲ್ಲ, ಹಲ್ಲಿಲ್ಲ. ಅವು ಮೈಯಿಂದ ಹೊರಗೆ ಕಿಣ್ವ ಬಿಡುತ್ತವೆ, ಸರಪಳಿ ಕತ್ತರಿಸುತ್ತವೆ, ಕರಗಿದ ತುಂಡನ್ನು ಹೀರಿಕೊಳ್ಳುತ್ತವೆ. ಹೀರಿದ್ದರಲ್ಲಿ ಒಂದಿಷ್ಟು ಅವುಗಳ ಮೈಯಾಗುತ್ತದೆ. ಉಳಿದಿದ್ದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೋಗುತ್ತದೆ. ಗಾಳಿ ಸಿಗದ ಕಡೆ ಮೀಥೇನ್ ಕೂಡ ಹುಟ್ಟುತ್ತದೆ.

ಹಾಗಾಗಿ ಇಲ್ಲಿ ಎರಡು ಕೆಲಸ ನಡೆಯಬೇಕು. ಒಂದು, ತುಂಡಾಗುವುದು. ಎರಡು, ಆ ತುಂಡುಗಳನ್ನು ಜೀವಿಗಳು ತಿನ್ನುವುದು. ಮೊದಲನೆಯದು ಮಾತ್ರ ನಡೆದು ಎರಡನೆಯದು ನಿಂತರೆ, ಕಾಕಾ ಎತ್ತಿ ತೋರಿಸಿದ ಬಿಳಿ ಚೂರು ಉಳಿಯುತ್ತದೆ. ಇವೆರಡರ ವ್ಯತ್ಯಾಸ ಮನಸ್ಸಿನಲ್ಲಿರಲಿ, ಮುಂದಿನ ಎಲ್ಲ ಹೆಜ್ಜೆಗೂ ಇದೇ ಆಧಾರ.

ಮಾಮೂಲಿ ಪಾಲಿಥಿನ್ ಸರಪಳಿ ಬರೀ ಇಂಗಾಲಕ್ಕೆ ಇಂಗಾಲ ಕಟ್ಟಿದ್ದು. ನೀರಿಗಾಗಲಿ ಕಿಣ್ವಕ್ಕಾಗಲಿ ಅಲ್ಲಿ ಹಿಡಿತ ಸಿಗುವುದಿಲ್ಲ. ಕರಗುವ ಪ್ಲಾಸ್ಟಿಕ್‌ಗಳ ಸರಪಳಿಯಲ್ಲಿ ಎಸ್ಟರ್ ಅನ್ನುವ ಕೊಂಡಿ ನಡುನಡುವೆ ಇರುತ್ತದೆ. ನೀರು ಕತ್ತರಿ ಹಾಕುವುದು ಅಲ್ಲಿಯೇ. ಕತ್ತರಿ ಎಷ್ಟು ಬೇಗ ಆಡುತ್ತದೆ ಅನ್ನುವುದನ್ನು ನಾಲ್ಕು ಸಂಗತಿ ತೀರ್ಮಾನಿಸುತ್ತವೆ: ಹಸಿ, ಬಿಸಿ, ಗಾಳಿ, ಜೀವಿ. ನಾಲ್ಕೂ ಒಟ್ಟಿಗೆ ಇರಬೇಕು.

ನಮ್ಮ ಕಡೆ ತೊಡಕು ಇರುವುದೇ ಇಲ್ಲಿ. ವಿಜಯಪುರ, ಬಾಗಲಕೋಟೆಗಳಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು. ಮೇ ತಿಂಗಳಲ್ಲಿ ಎರೆಹೊಲದ ಮೇಲ್ಮಣ್ಣು ಬರಿಗಾಲು ಇಡಲಾಗದಷ್ಟು ಕಾಯುತ್ತದೆ, ಆದರೆ ಹಸಿ ಇರುವುದಿಲ್ಲ. ಮಳೆಗಾಲದಲ್ಲಿ ಹಸಿ ಸಿಗುತ್ತದೆ, ಆಗ ಎರೆಮಣ್ಣು ಉಬ್ಬಿ ಅಂಟಾಗಿ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಖಾನಾಪುರದ ಕಡೆ ಮಳೆ 1500 ಮಿ.ಮೀ. ದಾಟುತ್ತದೆ, ಮಣ್ಣೂ ಬೇರೆ. ಅಲ್ಲಿ ಆರು ತಿಂಗಳಲ್ಲಿ ಕರಗಿದ್ದು ವಿಜಯಪುರದ ಇಂಡಿಯಲ್ಲೋ ಸಿಂದಗಿಯಲ್ಲೋ ಅಷ್ಟೇ ದಿನದಲ್ಲಿ ಕರಗಬೇಕು ಅಂತಿಲ್ಲ. ಬೇರೆಯವರ ಮಾತು ನಂಬುವ ಬದಲು ನಿಮ್ಮ ಮಣ್ಣಲ್ಲೇ ನೋಡಿ ಅನ್ನುವುದು ಇದಕ್ಕೇ.

ಕೈಯಲ್ಲಿರುವುದು ಯಾವ ಜಾತಿಯದು

ಹೂಳುವ ಮೊದಲು ವಸ್ತು ಯಾವುದು ಅಂತ ಗೊತ್ತಿರಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಇವು.

ಗಾಜಿನಂತೆ ಹೊಳೆಯುವ ‘ಸಸ್ಯಮೂಲದ’ ಲೋಟ ಸಾಮಾನ್ಯವಾಗಿ ಪಿಎಲ್‌ಎ. ಗೋವಿನಜೋಳದ ಹಿಟ್ಟು ಇಲ್ಲವೇ ಕಬ್ಬಿನ ಸಕ್ಕರೆಯನ್ನು ಹುಳಿಯಿಸಿ ಲ್ಯಾಕ್ಟಿಕ್ ಆಮ್ಲ ಮಾಡುತ್ತಾರೆ. ನಾವು ಹೆಪ್ಪು ಹಾಕಿದಾಗ ಮೊಸರಿಗೆ ಹುಳಿ ಬರುವುದೂ ಇದೇ ಆಮ್ಲದಿಂದ. ಅದನ್ನು ಸರಪಳಿ ಕಟ್ಟಿದರೆ ಪಿಎಲ್‌ಎ. ಹುಟ್ಟಿದ್ದು ಬೆಳೆಯಿಂದ, ನಿಜ. ಆದರೆ ಸುಮಾರು 55ರಿಂದ 60 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಅದು ಗಾಜಿನ ಹಾಗೆ ಬಿಗಿಯಾಗಿಯೇ ಇರುತ್ತದೆ, ನೀರನ್ನು ಒಳಗೆ ಬಿಡುವುದು ತೀರಾ ನಿಧಾನ. ಮಣ್ಣಿನೊಳಗೆ ಅಷ್ಟು ಬಿಸಿ ಎಲ್ಲಿ ಸಿಗಬೇಕು? ಅದಕ್ಕೇ ನಮ್ಮ ಲೋಟಗಳು ಹಾಗೇ ಉಳಿದಿದ್ದು.

ಮೆತ್ತಗಿನ, ಮುಟ್ಟಿದರೆ ಸ್ವಲ್ಪ ಮೇಣ ಮೇಣ ಅನಿಸುವ ಕಾಂಪೋಸ್ಟ್ ಚೀಲದಲ್ಲಿ, ಅಂದರೆ ಕೊಳೆತು ಗೊಬ್ಬರವಾಗುತ್ತೆ ಅಂತ ಮಾರುವ ಚೀಲದಲ್ಲಿ, ಹೆಚ್ಚಾಗಿ ಪಿಬಿಎಟಿ ಅನ್ನುವ ಪ್ಲಾಸ್ಟಿಕ್ ಇರುತ್ತದೆ, ಜೊತೆಗೆ ಹಿಟ್ಟು ಅಥವಾ ಪಿಎಲ್‌ಎ. ಪಿಬಿಎಟಿಯನ್ನು ಇವತ್ತು ಬಹುಪಾಲು ಪೆಟ್ರೋಲಿಯಂನಿಂದಲೇ ಮಾಡುತ್ತಾರೆ, ಆದರೂ ಸೂಕ್ಷ್ಮಜೀವಿಗಳು ಅದನ್ನು ತಿನ್ನಬಲ್ಲವು. ಬೆಳೆಯಿಂದ ಬಂದಿದ್ದೆಲ್ಲ ಬೇಗ ಕೊಳೆಯುವುದಿಲ್ಲ, ಎಣ್ಣೆಯಿಂದ ಬಂದಿದ್ದೆಲ್ಲ ಕೊಳೆಯದೆ ಉಳಿಯುವುದೂ ಇಲ್ಲ. ನನಗೆ ಇದು ದೊಡ್ಡ ಪಾಠವಾಯಿತು.

ಪಿಎಚ್‌ಎ ಅಂತ ಇನ್ನೊಂದಿದೆ, ನಮ್ಮ ಪೇಟೆಯಲ್ಲಿ ಅಪರೂಪ. ಆಹಾರ ಜಾಸ್ತಿ ಸಿಕ್ಕಾಗ ಕೆಲವು ಬ್ಯಾಕ್ಟೀರಿಯಾ ಅದನ್ನು ಮೈಯೊಳಗೆ ಕೂಡಿಡುತ್ತವೆ, ನಮ್ಮ ಹಿರಿಯರು ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದ ಹಾಗೆ. 1926ರಲ್ಲಿ ಫ್ರಾನ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಮಾರಿಸ್ ಲೆಮ್ವಾನ್ಯ್ ಇದನ್ನು ಮೊದಲು ಗುರುತಿಸಿದರು. ಬ್ಯಾಕ್ಟೀರಿಯಾ ಕೂಡಿಟ್ಟ ಆಹಾರವೇ ಆದ್ದರಿಂದ ಮಣ್ಣಲ್ಲೂ ಸಮುದ್ರದಲ್ಲೂ ಅದನ್ನು ತಿನ್ನುವ ಜೀವಿಗಳು ಇವೆ.

ಕೊನೆಯದು ಮೋಸದ ಜಾತಿ. ಮಾಮೂಲಿ ಪಾಲಿಥಿನ್‌ಗೆ ಕೋಬಾಲ್ಟ್, ಮ್ಯಾಂಗನೀಸ್, ಕಬ್ಬಿಣದಂಥ ಲೋಹದ ಲವಣ ಬೆರೆಸಿ ‘ಆಕ್ಸೋ’ ಅಂತ ಮಾರುತ್ತಾರೆ. ಬಿಸಿಲಿಗೆ ಬಿದ್ದರೆ ಬೇಗ ಪುಡಿ ಪುಡಿಯಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮಣ್ಣಲ್ಲಿ ಇರುತ್ತದೆ. ಯುರೋಪ್ ಒಕ್ಕೂಟ ಇದನ್ನು 2021ರ ಜುಲೈನಿಂದ ನಿಷೇಧಿಸಿದೆ.

ಇನ್ನು ಗುರುತಿಸುವ ಕೆಲಸ. ಮೊದಲು ಚೀಲದ ಮೇಲೆ ಬರೆದಿದ್ದು ಓದಿ. ನಮ್ಮ ದೇಶದ ನಿಯಮದ ಪ್ರಕಾರ ಕಾಂಪೋಸ್ಟ್ ಆಗುವ ಚೀಲದ ಮೇಲೆ ತಯಾರಕರ ಹೆಸರು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಸಂಖ್ಯೆ ಇರಬೇಕು. ಐಎಸ್/ಐಎಸ್‌ಒ 17088 ಅನ್ನುವುದು ಅದರ ಮಾನದಂಡ. ಬರೀ ಹಸಿರು ಎಲೆಯ ಚಿತ್ರ, ‘ಪರಿಸರ ಸ್ನೇಹಿ’ ಅನ್ನುವ ಮಾತು ಇದ್ದರೆ ಅದಕ್ಕೆ ಬೆಲೆ ಇಲ್ಲ.

ಆಮೇಲೆ ನೀರಿನ ಪರೀಕ್ಷೆ. ಚೀಲದಿಂದ ಹೆಬ್ಬೆರಳ ಉಗುರಿನಷ್ಟು ತುಂಡು ಕತ್ತರಿಸಿ. ಒಂದು ಲೋಟ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಇಲ್ಲದಿದ್ದರೆ ಗಾಳಿಗುಳ್ಳೆ ಅಂಟಿಕೊಂಡು ಲೆಕ್ಕ ತಪ್ಪುತ್ತದೆ. ತುಂಡನ್ನು ನೀರಿನ ಒಳಗೆ ಅದ್ದಿ, ಬೆರಳಲ್ಲಿ ತಿಕ್ಕಿ, ಬಿಡಿ. ಪಾಲಿಥಿನ್ ಮತ್ತು ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ತೇಲಿ ಬರುತ್ತವೆ. ಪಿಎಲ್‌ಎ, ಪಿಬಿಎಟಿ ಎರಡೂ ನೀರಿನ ಒಂದೂಕಾಲು ಪಟ್ಟು ತೂಕದವು, ತಳ ಸೇರುತ್ತವೆ. ‘ಕಾಂಪೋಸ್ಟ್ ಆಗುತ್ತೆ’ ಅಂದ ಚೀಲ ತೇಲಿದರೆ ಅನುಮಾನ ಪಡಿ. ಮುಳುಗಿದ ಮಾತ್ರಕ್ಕೆ ನಂಬಬೇಡಿ. ಪಿವಿಸಿ, ನೀರಿನ ಬಾಟಲಿಯ ಪ್ಲಾಸ್ಟಿಕ್, ಸುಣ್ಣದ ಪುಡಿ ಬೆರೆಸಿದ ಪಾಲಿಥಿನ್ ಕೂಡ ಮುಳುಗುತ್ತವೆ. ನಮ್ಮ ಕುಬಸದ ಚೀಲ ಉಳಿದಿದ್ದು ಒಂದು ಮನೆಯಲ್ಲಿತ್ತು. ಮೂರು ಸಲ ಅದ್ದಿದೆ. ಮೂರು ಸಲವೂ ತೇಲಿತು.

ಗಾಯಕ್ಕೆ ಹಚ್ಚುವ ಅಯೋಡಿನ್ ಒಂದು ಹನಿ ಹಾಕಿದರೆ ಹಿಟ್ಟಿನ ಅಂಶ ಇರುವ ಕಡೆ ಕಪ್ಪು-ನೀಲಿ ಬರುತ್ತದೆ. ಇದರಿಂದ ಹಿಟ್ಟು ಇದೆ ಅಂತ ಗೊತ್ತಾಗುತ್ತದೆ, ಅಷ್ಟೇ. ಪಾಲಿಥಿನ್‌ಗೂ ಹಿಟ್ಟು ಬೆರೆಸಿ ಮಾರುವವರು ಇದ್ದಾರೆ.

ಸುಟ್ಟು ನೋಡುವುದು ಬೇಡ. ಆ ಹೊಗೆ ಯಾವ ಪ್ಲಾಸ್ಟಿಕ್‌ನದ್ದಾದರೂ ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ.

ಹೂತು ನೋಡುವುದು

ಬೇಕಾಗಿದ್ದು ಇಷ್ಟು: ಉಳ್ಳಾಗಡ್ಡಿ ಬರುವ ಕೆಂಪು ಜಾಳಿಗೆ ಚೀಲ ನಾಲ್ಕೈದು, ಕತ್ತರಿ, ಗ್ರಾಂ ತೋರಿಸುವ ಸಣ್ಣ ತಕ್ಕಡಿ, ಕಟ್ಟಿಗೆಯ ಗೂಟ, ಒಂದು ನೋಟ್‌ಬುಕ್. ಜಾಳಿಗೆ ಪ್ಲಾಸ್ಟಿಕ್ಕಿನದೇ ಇರಲಿ, ಅದು ಕೊಳೆಯುವುದಿಲ್ಲವಾದ್ದರಿಂದಲೇ ಒಳಗಿನದನ್ನು ಹಿಡಿದಿಡುತ್ತದೆ. ನೀರು, ಗಾಳಿ, ಹುಳ, ಬೂಷ್ಟಿನ ಎಳೆ ಎಲ್ಲ ತೂತಿನಿಂದ ಒಳಗೆ ಹೋಗುತ್ತವೆ.

ಪ್ರತಿ ವಸ್ತುವಿನಿಂದ 10 ಸೆಂ.ಮೀ. ಉದ್ದಗಲದ ನಾಲ್ಕು ತುಂಡು ಕತ್ತರಿಸಿ. ಒಣಗಿಸಿ, ತೂಗಿ, ಬರೆದಿಡಿ. ತೆಳು ಚೀಲ ಒಂದೇ ತುಂಡಾದರೆ ತಕ್ಕಡಿಗೆ ಸಿಗುವುದಿಲ್ಲ, ಅದನ್ನು ಮಾತ್ರ ಹತ್ತತ್ತು ತುಂಡಿನ ನಾಲ್ಕು ಗುಂಪು ಮಾಡಿ ತೂಗಿ. ಒಂದೊಂದು ಜಾಳಿಗೆಗೆ ಒಂದೊಂದೇ ಬಗೆಯದನ್ನು ಹಾಕಿ.

ಇವುಗಳ ಜೊತೆ ಎರಡು ತುಂಡು ತಪ್ಪದೇ ಇರಬೇಕು. ಒಂದು ಅಚ್ಚ ಹತ್ತಿ ಬಟ್ಟೆ, ಬಣ್ಣ ಹಾಕದ್ದು. ಇನ್ನೊಂದು ಮಾಮೂಲಿ ಪಾಲಿಥಿನ್. ಹತ್ತಿಯಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಸೆಲ್ಯುಲೋಸ್, ಜೀವ ಇರುವ ಮಣ್ಣು ಅದನ್ನು ತಿಂದೇ ತಿನ್ನುತ್ತದೆ. ಎರಡು ತಿಂಗಳಾದರೂ ಹತ್ತಿ ಗಟ್ಟಿಯಾಗಿದ್ದರೆ ದೋಷ ನಿಮ್ಮ ಚೀಲದ್ದಲ್ಲ, ಆ ಜಾಗದಲ್ಲಿ ಹಸಿಯೋ ಗಾಳಿಯೋ ಜೀವವೋ ಕಡಿಮೆ ಇದೆ. ಪಾಲಿಥಿನ್ ಹಾಗೇ ಇರಬೇಕು. ಅದೂ ಕಾಣೆಯಾದರೆ ನಾಯಿಯೋ ಇಲಿಯೋ ಎಳೆದುಕೊಂಡು ಹೋಗಿದೆ ಅಂತ ತಿಳಿಯಿರಿ.

ಜಾಗ ಆರಿಸುವಾಗ ಎರೆಹೊಲದ ನಡುವೆ ಬೇಡ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಜಾಳಿಗೆ ಆ ಬಿರುಕಿನೊಳಗೆ ಇಳಿದುಬಿಡುತ್ತದೆ, ನನ್ನದೊಂದು ಹಾಗೇ ಹೋಯಿತು. ಬದುವಿನ ಹತ್ತಿರ, ನೀರು ನಿಲ್ಲದ ಕಡೆ, ದನ ತುಳಿಯದ ಕಡೆ ಅರ್ಧ ಅಡಿ ಆಳದ ಕುಣಿ ತೋಡಿ. ತೋಡಿದ ಮಣ್ಣಿಗೆ ಒಂದು ಬುಟ್ಟಿ ಹಳೆಯ ಗೊಬ್ಬರ ಬೆರೆಸಿ. ಜಾಳಿಗೆಗಳನ್ನು ಮಡಚದೆ ಹಾಸಿ, ಒಂದರ ಮೇಲೊಂದು ಬರದಂತೆ ಇಡಿ. ಮಣ್ಣು ಮುಚ್ಚಿ ಗೂಟ ನೆಡಿ. ಮಿರಗದ (ಮೃಗಶಿರಾ ಮಳೆಯ) ಹೊತ್ತಿಗೆ ಹೂತರೆ ನೀರಿನ ಚಿಂತೆ ಅರ್ಧ ಕಡಿಮೆ.

ಹಸಿ ಎಷ್ಟಿರಬೇಕು? ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಮಳೆ ಕೈ ಕೊಟ್ಟ ವಾರ ಒಂದು ಕೊಡ ನೀರು ಹಾಕಿ.

30, 60, 90, 180ನೇ ದಿನ ಒಂದೊಂದು ತುಂಡು (ತೆಳು ಚೀಲವಾದರೆ ಒಂದೊಂದು ಗುಂಪು) ತೆಗೆಯಿರಿ. ಮೆಲ್ಲಗೆ ನೀರಲ್ಲಿ ಅದ್ದಿ ಮಣ್ಣು ಬಿಡಿಸಿ, ತಿಕ್ಕಬೇಡಿ. ನೆರಳಲ್ಲಿ ಒಣಗಿಸಿ ತೂಗಿ. ತೂಕದ ಜೊತೆ ಇನ್ನೊಂದನ್ನು ನೋಡಿ: ಎರಡು ತುದಿ ಹಿಡಿದು ಎಳೆಯಿರಿ. ತೂಕ ಕಡಿಮೆಯಾಗುವ ಎಷ್ಟೋ ದಿನ ಮುಂಚೆಯೇ ಬಲ ಹೋಗಿರುತ್ತದೆ. ಸರಪಳಿ ಅಲ್ಲಲ್ಲಿ ತುಂಡಾದರೂ ವಸ್ತು ಅಲ್ಲೇ ಇರುತ್ತದೆ, ಅದಕ್ಕೆ.

ನಮ್ಮ ಬದುವಿನಲ್ಲಿ ಕಂಡಿದ್ದು ಹೀಗೆ. ಹತ್ತಿ ಬಟ್ಟೆ 30 ದಿನಕ್ಕೆ ಕಪ್ಪು ಕಲೆ ಬಿದ್ದು ಮೆತ್ತಗಾಯಿತು. 60 ದಿನಕ್ಕೆ ಜಾಳಿಗೆ ಎತ್ತಿದರೆ ಒಳಗೆ ಉಳಿದಿದ್ದು ಅಂಚಿನ ಹೊಲಿಗೆ ದಾರ ಮಾತ್ರ, ಚೌಕಾಕಾರದಲ್ಲಿ, ಬಿಳಿಯಾಗಿ. ದಾರ ಪಾಲಿಯೆಸ್ಟರ್ ಅಂತ ಆಗ ಗೊತ್ತಾಯಿತು. ಕಬ್ಬಿನ ಸಿಪ್ಪೆಯ ತಟ್ಟೆ ಎರಡು ತಿಂಗಳಿಗೆ ಮಣ್ಣಿನಿಂದ ಬೇರೆ ಮಾಡಲಾಗದಂತೆ ಸೇರಿಹೋಗಿತ್ತು. ಪ್ರಮಾಣಪತ್ರ ಇರುವ ಕಾಂಪೋಸ್ಟ್ ಚೀಲ ಮೂರು ತಿಂಗಳವರೆಗೆ ಹಾಗೇ ಕಂಡಿತು, ಎಳೆದರೆ ಮಾತ್ರ ಸುಲಭವಾಗಿ ಹರಿಯುತ್ತಿತ್ತು. ಆರು ತಿಂಗಳಿಗೆ ತೂತು ತೂತಾಗಿತ್ತು, ಇನ್ನೂ ಇತ್ತು. ಪಿಎಲ್‌ಎ ಲೋಟದ ತುಂಡಿನ ತೂಕ 180ನೇ ದಿನವೂ ಮೊದಲ ದಿನದಷ್ಟೇ.

ನಮ್ಮ ಒಂದು ಬದುವಿನ ಮಾತು ಅಂತ ಬಿಟ್ಟುಬಿಡಬೇಡಿ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಬೇರೆ ಬೇರೆ ಚೀಲಗಳನ್ನು ಮಣ್ಣಲ್ಲಿ, ಸಮುದ್ರದಲ್ಲಿ, ಬಯಲಲ್ಲಿ ಮೂರು ವರ್ಷ ಇಟ್ಟು 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ‘ಜೈವಿಕವಾಗಿ ಕರಗುತ್ತದೆ’ ಅಂತ ಬರೆದಿದ್ದ ಚೀಲ ಮೂರು ವರ್ಷ ಮಣ್ಣಲ್ಲಿದ್ದ ಮೇಲೂ ಸಾಮಾನು ಹೊರುವಷ್ಟು ಗಟ್ಟಿ ಇತ್ತು. ಕಾಂಪೋಸ್ಟ್ ಚೀಲ ಸಮುದ್ರದಲ್ಲಿ ಮೂರು ತಿಂಗಳಿಗೇ ಕಾಣೆಯಾಯಿತು, ಮಣ್ಣಲ್ಲಿ 27 ತಿಂಗಳಾದರೂ ಇತ್ತು, ಭಾರ ತಡೆಯುತ್ತಿರಲಿಲ್ಲ ಅಷ್ಟೇ. ಒಂದೇ ಚೀಲ, ಎರಡು ಜಾಗ.

ಬಿಸಿ ತಿಪ್ಪೆ

ಕಾಂಪೋಸ್ಟ್ ಚೀಲದ ಮಾನದಂಡ ಹುಟ್ಟಿದ್ದೇ ದೊಡ್ಡ ಗೊಬ್ಬರ ಘಟಕಗಳಿಗಾಗಿ. ಪ್ರಯೋಗಾಲಯದಲ್ಲಿ 58 ಡಿಗ್ರಿ ಬಿಸಿಯ ಗೊಬ್ಬರದಲ್ಲಿಟ್ಟು ನೋಡುತ್ತಾರೆ. 180 ದಿನದೊಳಗೆ ಇಂಗಾಲದ ಶೇಕಡಾ 90 ಭಾಗ ಡೈಆಕ್ಸೈಡ್ ಆಗಿ ಹೋಗಬೇಕು. 12 ವಾರದ ನಂತರ 2 ಮಿ.ಮೀ. ಜರಡಿಯಲ್ಲಿ ಸಾಣಿಸಿದರೆ ಮೇಲೆ ಶೇಕಡಾ 10ಕ್ಕಿಂತ ಹೆಚ್ಚು ಉಳಿಯಬಾರದು. ನಮ್ಮ ತಿಪ್ಪೆ 58 ಡಿಗ್ರಿ ಮುಟ್ಟುತ್ತದೆಯೇ? ಸುಮ್ನೆ ಕಸ ಒಟ್ಟಿದರೆ ಇಲ್ಲ. ಕಟ್ಟಿದರೆ ಮುಟ್ಟುತ್ತದೆ.

ಹೀಗೆ ಕಟ್ಟಿ. ಕನಿಷ್ಠ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರ ಬೇಕು, ಅದಕ್ಕಿಂತ ಸಣ್ಣದಾದರೆ ಬಿಸಿ ಹೊರಗೆ ಹೋಗುತ್ತದೆ. ತಳಕ್ಕೆ ತೊಗರಿ ಕಟ್ಟಿಗೆ ಅಡ್ಡಡ್ಡ ಹಾಸಿ, ಗಾಳಿಗೆ ದಾರಿಯಾಗುತ್ತದೆ. ಮೇಲೆ ಕಬ್ಬಿನ ರವದಿ (ಒಣಗಿದ ಎಲೆ) ಒಂದು ಗೇಣು, ಸಾಧ್ಯವಾದಷ್ಟು ಸಣ್ಣಗೆ ಕತ್ತರಿಸಿದ್ದು. ಅದರ ಮೇಲೆ ಹಸಿ ಹೆಂಡಿ (ಸಗಣಿ) ಮತ್ತು ಅಡುಗೆಮನೆಯ ಹಸಿ ಕಸ ಅರ್ಧ ಗೇಣು. ನೀರು ಚಿಮುಕಿಸಿ. ಹೀಗೇ ಪದರ ಏರಿಸಿ. ರವದಿ ಬರೀ ಇಂಗಾಲ, ಒಂದೇ ಇದ್ದರೆ ವರ್ಷವಾದರೂ ಕೊಳೆಯುವುದಿಲ್ಲ. ಹೆಂಡಿ, ಹಸಿರು ಕಸ ಸಾರಜನಕ ಕೊಡುತ್ತವೆ. ಸಾರಜನಕ ಒಂದು ಪಾಲು ಇದ್ದರೆ ಇಂಗಾಲ 25ರಿಂದ 30 ಪಾಲು, ಜೀವಿಗಳಿಗೆ ಅದು ಹದವಾದ ಊಟ.

ಪರೀಕ್ಷೆಯ ಜಾಳಿಗೆಗಳನ್ನು ನಡುಮಧ್ಯೆ ಇಡಿ. ಒಂದೂವರೆ ಅಡಿ ಒಳಗೆ. ಮೂರು ನಾಲ್ಕು ದಿನಕ್ಕೆ ಕಬ್ಬಿಣದ ಹಾರೆ ತಿವಿದು ಹತ್ತು ನಿಮಿಷ ಬಿಟ್ಟು ಹೊರಗೆ ಎಳೆಯಿರಿ. ತುದಿಯನ್ನು ಹಿಡಿದುಕೊಳ್ಳಲಾಗದಷ್ಟು ಬಿಸಿ ಇದ್ದರೆ ಸರಿಯಾಗಿ ಕಟ್ಟಿದ್ದೀರಿ. ಉದ್ದ ಕಡ್ಡಿಯ ಥರ್ಮಾಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಆರಿದ ಕೂಡಲೇ ತಿರುವಿ ಹಾಕಿ, ಒಣಗಿದ್ದರೆ ನೀರು ಕೊಡಿ, ಹೊರಗಿನದು ಒಳಗೆ ಬರಲಿ, ಜಾಳಿಗೆ ಮತ್ತೆ ನಡುವೆ. ಕೆಟ್ಟ ವಾಸನೆ ಬಂದರೆ ಗಾಳಿ ಸಾಲುತ್ತಿಲ್ಲ, ರವದಿ ಸೇರಿಸಿ.

ಮೊದಲ ಸಲ ತಿರುವಿದ ದಿನ ಪಿಎಲ್‌ಎ ಲೋಟದ ತುಂಡು ನೋಡಿ ಕಾಕಾ ಕೂಡ ಬಗ್ಗಿ ಕೂತರು. ಮಣ್ಣಲ್ಲಿ ಆರು ತಿಂಗಳು ಅಲುಗಾಡದಿದ್ದದ್ದು ಇಲ್ಲಿ ಒಂಬತ್ತು ದಿನಕ್ಕೆ ಹಪ್ಪಳದ ಹಾಗೆ ಮುದುಡಿಕೊಂಡಿತ್ತು, ಪಾರದರ್ಶಕ ಇದ್ದದ್ದು ಹಾಲಿನ ಹಾಗೆ ಬಿಳಿಯಾಗಿತ್ತು. ಒಂದೂವರೆ ತಿಂಗಳಿಗೆ ಬೆರಳಲ್ಲಿ ಒತ್ತಿದರೆ ಪುಡಿ. 12 ವಾರಕ್ಕೆ ಜಾಳಿಗೆಯಲ್ಲಿ ಒಂದು ಚಮಚದಷ್ಟು ಸಣ್ಣ ಚೂರು ಉಳಿದಿತ್ತು. ಕಾಂಪೋಸ್ಟ್ ಚೀಲ ಸಂಪೂರ್ಣ ಹೋಗಿತ್ತು. ಕುಬಸದ ಚೀಲ? ಸ್ವಲ್ಪ ಸುಕ್ಕಾಗಿತ್ತು. ತೊಳೆದರೆ ಅದರ ಮೇಲಿನ ಹಸಿರು ಎಲೆಯ ಚಿತ್ರ ಹೊಸದರಂತೆಯೇ ಇತ್ತು.

ಕಾಣದೆ ಹೋದದ್ದು ನಿಜಕ್ಕೂ ಹೋಯಿತಾ

ಈ ಹೆಜ್ಜೆಯನ್ನು ಬಿಡಬೇಡಿ. ಜಾಳಿಗೆ ಖಾಲಿ ಅಂದ ಕೂಡಲೇ ಮಣ್ಣಾಯಿತು ಅಂತಲ್ಲ, ತೂತಿನಿಂದ ಪುಡಿ ಹೊರಬಿದ್ದಿರಬಹುದು. ಜಾಳಿಗೆಯ ಸುತ್ತಲಿನ ಗೊಬ್ಬರ ಎರಡು ಮುಷ್ಟಿ ತೆಗೆದು ಒಣಗಿಸಿ, ಸಣ್ಣ ಕಾಳು ಸಾಣಿಸುವ ಜರಡಿಯಲ್ಲಿ ಸಾಣಿಸಿ. ಕೆಳಗೆ ಬಿದ್ದದ್ದನ್ನು ಉಪ್ಪಿನ ನೀರಿಗೆ ಹಾಕಿ, ಇನ್ನು ಉಪ್ಪು ಕರಗುವುದಿಲ್ಲ ಅನ್ನುವಷ್ಟು ಗಟ್ಟಿ ನೀರು. ಮಣ್ಣು ತಳ ಸೇರುತ್ತದೆ. ಪಾಲಿಥಿನ್ ಚೂರು, ಕಸದ ನಾರು ಮೇಲೆ ತೇಲುತ್ತವೆ. ತೇಲಿದ್ದನ್ನು ಬಿಳಿ ತಟ್ಟೆಗೆ ಎತ್ತಿ, ಭೂತಗನ್ನಡಿ ಹಿಡಿದು, ಕಾಸಿದ ಸೂಜಿಯ ತುದಿ ತಾಗಿಸಿ. ಎಲೆಯ ನಾರು ಆದರೆ ಕರಕಾಗುತ್ತದೆ. ಪ್ಲಾಸ್ಟಿಕ್ ಆದರೆ ಮುದುಡಿ ಗುಂಡಗಾಗುತ್ತದೆ. ಪಿಎಲ್‌ಎ, ಪಿಬಿಎಟಿ ಚೂರುಗಳು ಭಾರ, ಉಪ್ಪುನೀರಲ್ಲೂ ಸುಲಭವಾಗಿ ತೇಲುವುದಿಲ್ಲ. ಅವಕ್ಕೆ ಜರಡಿಯ ಮೇಲೆ ಉಳಿದದ್ದನ್ನೇ ಕಣ್ಣಿಟ್ಟು ಹುಡುಕಬೇಕು.

ಮೊದಲ ಸಲ ಸೂಜಿ ತಾಗಿಸಿದಾಗ ಆ ಚುಕ್ಕೆ ಮುದುಡಿದ್ದು ನೋಡಿ ನನಗೆ ಹೊಟ್ಟೆಯಲ್ಲಿ ಕಸಿವಿಸಿಯಾಯಿತು. ಅದು ನಾವು ಜೋಳ ಬಿತ್ತುವ ಮಣ್ಣು.

ನಾರಿನ ವಸ್ತುಗಳು

ನಾರಿನ ವಿಷಯಕ್ಕೆ ಬಂದರೆ ಕಾಕಾ ನನಗಿಂತ ಚೆನ್ನಾಗಿ ಬಲ್ಲವರು. ಅವರು ಚಿಕ್ಕವರಿದ್ದಾಗ ಪುಂಡಿಯ ಎಳೆ ಎಲೆ ಪಲ್ಯಕ್ಕೆ, ಬಲಿತ ಕಟ್ಟಿಗೆ ನಾರಿಗೆ. ಕಟ್ಟಿಗೆಯನ್ನು ಹೊರೆ ಕಟ್ಟಿ ಹಳ್ಳದ ನೀರಲ್ಲಿ ನೆನೆ ಹಾಕುತ್ತಿದ್ದರು, ಮೇಲೆ ಕಲ್ಲು ಹೇರಿ.

“ದಿನಾ ಹೋಗಿ ಒಂದು ಕಟಿಗಿ ತಗದು ಸೊಪ್ಪಿ ಸುಲದು ನೋಡ್ತಿದ್ವಿ. ಸಲೀಸು ಬಂದ್ರ ತಗಿಯೂದು. ಇನ್ನೂ ಎಂಟು ದಿನ ಬಿಟ್ರ ನಾರೂ ಕೊಳತು ಹೋಗ್ತಿತ್ತು. ಹಗ್ಗ ಹೊಸದ್ರ ಪಟ್ ಅಂತ ಹರೀತಿತ್ತು.”

ಇಡೀ ವಿಜ್ಞಾನ ಇದರಲ್ಲಿದೆ. ನೀರಿನ ಜೀವಿಗಳು ಮೊದಲು ನಾರುಗಳನ್ನು ಅಂಟಿಸಿರುವ ಪೆಕ್ಟಿನ್ ಅನ್ನುವ ಮೆತ್ತನೆಯ ಗೋಂದನ್ನು ತಿನ್ನುತ್ತವೆ. ಆಮೇಲೆ ಹೆಮಿಸೆಲ್ಯುಲೋಸ್, ಆಮೇಲೆ ಸೆಲ್ಯುಲೋಸ್. ಕಟ್ಟಕಡೆಗೆ ಲಿಗ್ನಿನ್. ಲಿಗ್ನಿನ್ ಮುರಿಯುವುದು ಎಲ್ಲರ ಕೈಲಾಗುವ ಕೆಲಸವಲ್ಲ, ಕಟ್ಟಿಗೆಯ ಮೇಲೆ ಬೆಳೆಯುವ ಕೆಲವು ಬೂಷ್ಟುಗಳೇ ಬೇಕು. ಸೆಣಬಿನಲ್ಲಿ ಲಿಗ್ನಿನ್ ಶೇಕಡಾ 12ರ ಹತ್ತಿರ, ತೆಂಗಿನ ನಾರಿನಲ್ಲಿ 40ರ ಹತ್ತಿರ. ಅದಕ್ಕೇ ನಮ್ಮ ಗೋಣಿಚೀಲದ ತುಂಡು ಮೂರು ತಿಂಗಳಿಗೆ ಮಣ್ಣಾಯಿತು, ತೆಂಗಿನ ಹಗ್ಗ ಆರು ತಿಂಗಳಾದರೂ ಹಗ್ಗವಾಗಿಯೇ ಉಳಿಯಿತು. ಎರಡೂ ಪ್ಲಾಸ್ಟಿಕ್ ಬೆರೆಯದ ನಾರು. ತಡವಾದರೂ ತೆಂಗಿನದು ಮಣ್ಣಾಗುತ್ತದೆ, ಉಳಿದರೂ ಕೆಡುಕಿಲ್ಲ.

ಎಚ್ಚರ ಬೇಕಾದದ್ದು ನಾರಿಗೆ ಪ್ಲಾಸ್ಟಿಕ್ ಬೆರೆಸಿದ ವಸ್ತುವಿನಲ್ಲಿ. ಕೆಲವು ಕಾರುಗಳ ಬಾಗಿಲ ಒಳಹಲಗೆಯಲ್ಲಿ ಸೆಣಬು ಮತ್ತು ಪಾಲಿಪ್ರೊಪಿಲೀನ್ ಇರುತ್ತದೆ. ಈಗ ಮನೆ ಕಟ್ಟುವವರು ಹಾಕಿಸುವ ಡಬ್ಲ್ಯುಪಿಸಿ ಬಾಗಿಲಲ್ಲಿ ಕಟ್ಟಿಗೆ ಪುಡಿ ಮತ್ತು ಸಾಮಾನ್ಯವಾಗಿ ಪಿವಿಸಿ. ಬಾಗಿಲಿಗೆ ಅದು ಒಳ್ಳೆಯದೇ, ಗೆದ್ದಲು ಹತ್ತುವುದಿಲ್ಲ, ಮಳೆಗೆ ಉಬ್ಬುವುದು ಕಡಿಮೆ. ಯಾಕೆಂದರೆ ಪ್ಲಾಸ್ಟಿಕ್ ಪ್ರತಿ ಎಳೆಯನ್ನೂ ಸುತ್ತಿಕೊಂಡಿದೆ, ಜೀವಿಗೆ ನೀರೂ ಸಿಗದು, ನಾರೂ ಸಿಗದು. ಕತ್ತರಿಸಿದ ಅಂಚಿನಲ್ಲಿ ಮಾತ್ರ ನಾರು ಹೊರಗೆ ಬಂದಿರುತ್ತದೆ. ಅಲ್ಲಿಂದ ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಸಣ್ಣ ಬಿರುಕು ಬೀಳುತ್ತದೆ. ಕೊನೆಗೆ ನಾರು ಕೊಳೆತು ಹೋಗಿ ಜೇನುಗೂಡಿನಂತೆ ತೂತಾದ ಪ್ಲಾಸ್ಟಿಕ್ ಉಳಿಯುತ್ತದೆ. ಇದನ್ನು ತಿಪ್ಪೆಗೆ ಹಾಕಬೇಡಿ.

ಅದೇ ನಾರನ್ನು ಪಿಎಲ್‌ಎ ಅಥವಾ ಹಿಟ್ಟಿನ ಪ್ಲಾಸ್ಟಿಕ್ ಜೊತೆ ಬೆರೆಸಿದರೆ ಕತೆ ಬೇರೆ. ಅಲ್ಲಿ ನಾರು ದೀಪದ ಬತ್ತಿಯ ಹಾಗೆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಬರೀ ಪ್ಲಾಸ್ಟಿಕ್‌ಗಿಂತ ಬೇಗ ಕೊಳೆಯಲು ದಾರಿ ಮಾಡಿಕೊಡುತ್ತದೆ.

‘ಬಿದಿರಿನ ಲೋಟ’ ಅಂತ ಬಣ್ಣಬಣ್ಣದ್ದು ಬರುತ್ತದೆ. ಬಹಳಷ್ಟು ಲೋಟಗಳಲ್ಲಿ ಬಿದಿರಿನ ಪುಡಿಯನ್ನು ಹಿಡಿದಿಟ್ಟಿರುವುದು ಮೆಲಮೈನ್ ರಾಳ ಅನ್ನುವ ಪ್ಲಾಸ್ಟಿಕ್. ಅದು ಮಣ್ಣಾಗುವುದಿಲ್ಲ, ಬಿಸಿ ಚಹಾಕ್ಕೂ ಒಳ್ಳೆಯದಲ್ಲ. ಕಾಗದದ ಲೋಟದ ಒಳಗೂ ತೆಳ್ಳನೆಯ ಪ್ಲಾಸ್ಟಿಕ್ ಪದರ ಇರುತ್ತದೆ. ಒಂದು ರಾತ್ರಿ ನೀರಲ್ಲಿ ನೆನೆಸಿ ಕಾಗದ ಉಜ್ಜಿ ತೆಗೆದರೆ ಆ ಪದರ ಹಾಳೆಯ ಹಾಗೆ ಕೈಗೆ ಬರುತ್ತದೆ. ಮಕ್ಕಳಿಗೆ ತೋರಿಸಿ.

ಇನ್ನು ಬಳಕೆಗೆ

ನಮ್ಮ ಮನೆಯಲ್ಲಿ ಈಗ ಹೀಗೆ ಮಾಡುತ್ತಿದ್ದೇವೆ. ಊಟಕ್ಕೆ ಮುತ್ತಲ ಎಲೆಯ ಪತ್ರಾವಳಿ, ಇಲ್ಲವೇ ಅಡಿಕೆ ಹಾಳೆ, ಕಬ್ಬಿನ ಸಿಪ್ಪೆಯ ತಟ್ಟೆ. ತಟ್ಟೆ ಕೊಳ್ಳುವಾಗ ಮೇಲೆ ಪ್ಲಾಸ್ಟಿಕ್ ಪದರ ಇಲ್ಲದ್ದನ್ನು ಕೇಳಿ ತರುತ್ತೇವೆ. ನೀರಿಗೆ ಸ್ಟೀಲ್ ಲೋಟ, ಬಾಡಿಗೆಗೆ ಸಿಗುತ್ತವೆ. ಪಿಎಲ್‌ಎ ಲೋಟ ನಮ್ಮ ಕಡೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅದನ್ನು ಕೂಡಿಸಿ ಬಿಸಿ ಗೊಬ್ಬರ ಮಾಡುವ ವ್ಯವಸ್ಥೆ ಇಲ್ಲದ ಊರಲ್ಲಿ ಅದು ಪ್ಲಾಸ್ಟಿಕ್ ಲೋಟವೇ. ಪ್ರಮಾಣಪತ್ರದ ಕಾಂಪೋಸ್ಟ್ ಚೀಲವನ್ನು ಹಸಿ ಕಸ ತುಂಬಲು ಬಳಸಬಹುದು, ಬಿಸಿ ತಿಪ್ಪೆ ಕಟ್ಟುವವರಾದರೆ ಮಾತ್ರ. ಬಯಲಿಗೆ ಎಸೆದರೆ ದನ ತಿನ್ನುತ್ತವೆ. ದನದ ಹೊಟ್ಟೆ 58 ಡಿಗ್ರಿ ಇರುವುದಿಲ್ಲ.

ಕಲ್ಲಂಗಡಿ, ಮೆಣಸಿನಕಾಯಿಗೆ ಮಲ್ಚಿಂಗ್ ಪೇಪರ್ (ಮಣ್ಣಿನ ಮೇಲೆ ಹೊದಿಸುವ ತೆಳು ಪ್ಲಾಸ್ಟಿಕ್ ಹಾಳೆ) ಹಾಸುವವರು ‘ಹೊಲದಲ್ಲೇ ಕರಗುತ್ತೆ’ ಅಂದರೆ ಒಂದು ಪ್ರಶ್ನೆ ಕೇಳಿ: ಕಾಂಪೋಸ್ಟ್‌ನಲ್ಲಿ ಕರಗುತ್ತದೋ, ಮಣ್ಣಲ್ಲಿ ಕರಗುತ್ತದೋ? ಮಣ್ಣಲ್ಲಿ ಕರಗುವ ಮಲ್ಚಿಂಗ್‌ಗೆ ಯುರೋಪಿನಲ್ಲಿ ಬೇರೆಯೇ ಮಾನದಂಡ ಇದೆ, ಇಎನ್ 17033, 2018ರದ್ದು. ಸುಮಾರು 25 ಡಿಗ್ರಿ ಮಣ್ಣಲ್ಲಿ ಎರಡು ವರ್ಷದೊಳಗೆ ಶೇಕಡಾ 90 ಹೋಗಬೇಕು ಅನ್ನುತ್ತದೆ. ಎರಡು ವರ್ಷ ಅನ್ನುವುದನ್ನು ಗಮನಿಸಿ. ಪ್ರತಿ ಹಂಗಾಮಿಗೂ ಹಾಸಿದರೆ ಹಳೆಯದು ಹೋಗುವ ಮೊದಲೇ ಹೊಸದು ಬಂದು ಬೀಳುತ್ತದೆ. ಇಡೀ ಎಕರೆಗೆ ಹಾಸುವ ಮೊದಲು ಒಂದು ಮಾರು ಉದ್ದ ತಂದು, ಮೇಲೆ ಹೇಳಿದ ಹಾಗೆ ನಾಲ್ಕು ತುಂಡು ಮಾಡಿ ಬದುವಿನಲ್ಲಿ ಹೂಳಿ. ಒಂದು ಹಂಗಾಮು ಕಾಯುವುದು ನಷ್ಟವಲ್ಲ.

ನಮ್ಮ ತೆಂಗಿನ ಹಗ್ಗದ ಜಾಳಿಗೆ, ಲೋಟದ ಕೊನೆಯ ತುಂಡು ಇನ್ನೂ ಬದುವಿನಲ್ಲೇ ಇವೆ. ಗೂಟಕ್ಕೆ ಕೆಂಪು ಅರಿವೆ ಕಟ್ಟಿದ್ದೇನೆ. ಬರುವ ಮಿರಗಕ್ಕೆ ಒಂದನ್ನು, ಅದರ ಮುಂದಿನ ಮಿರಗಕ್ಕೆ ಇನ್ನೊಂದನ್ನು ತೆಗೆಯಬೇಕು. ಕುಂಟೆ ಹೊಡೆಯುವಾಗ ಕಾಕಾ ಅಷ್ಟು ಜಾಗ ಬಿಟ್ಟು ಎತ್ತು ತಿರುಗಿಸುತ್ತಾರೆ.